ವಿಮಾನದಲ್ಲಿ ಕಾಲು ಚಾಚಿ ಕುಳಿತದ್ದು

ರೇಷ್ಮೆ ಸಾಹುಕಾರರ ಮನೆಯಿಂದ ಕರೆ ಬಂದಾಗ ನಾನು ಆಸ್ಪತ್ರೆಯ ಹಿಂದಿನ ಜಗಲಿಯಲ್ಲಿ ಕತ್ತರಿ, ಸೂಜಿ ಕುದಿಸುತ್ತಾ ಕುಳಿತಿದ್ದೆ. ಯಾರಾದರೂ ಕರೆದರೆ ನನಗೆ ಮೊದಲು ಬರುವುದು ಎದೆಬಡಿತ. ಕಾಲಿಗೆ ಚಪ್ಪಲಿ ಬರುವುದು ಆಮೇಲೆ. ನಂದಿಬೆಟ್ಟದ ಕಡೆಯ ವಿಜಯಪುರದ ಹೆರಿಗೆ ಆಸ್ಪತ್ರೆಯಲ್ಲಿ ನರ್ಸಾಗಿ ಅಷ್ಟೊಂದು ವರ್ಷ ಕಳೆದಿದ್ದರೂ ಈ ಗುಣ ಹೋಗಿರಲಿಲ್ಲ. ಹೆರಿಗೆ ಮಾಡಿಸುವವಳೇ ಹೆದರಿದರೆ ಹೆರುವವಳ ಗತಿಯೇನು ಎಂದು ಮುಖ ಗಟ್ಟಿ ಮಾಡಿಕೊಂಡು ಓಡಾಡುತ್ತಿದ್ದೆ. ಊರವರು ಅದನ್ನೇ ಧೈರ್ಯ ಎಂದು ತಿಳಿದಿದ್ದರು. ನಾನೂ ತಿದ್ದಲು ಹೋಗಿರಲಿಲ್ಲ.

ಯುದ್ಧ ಮುಗಿದು ಒಂದೆರಡು ವರ್ಷವಾಗಿತ್ತು. ಸಾಹುಕಾರರ ಮಗಳನ್ನು ಬೊಂಬಾಯಿಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹೆಣ್ಣು ಮಗು, ನನ್ನ ಕೈಯಲ್ಲೇ ಹುಟ್ಟಿತು. ತಿಂಗಳು ತುಂಬುವ ಮೊದಲೇ ತಾಯಿಗೆ ಜ್ವರ ಹತ್ತಿ, ಹೊಟ್ಟೆಯೊಳಗೆ ಕೀವು ಕಟ್ಟಿತು. ಗಂಡ ಓಡಿಬಂದು ಅವಳನ್ನು ರೈಲಿನಲ್ಲಿ ಮಲಗಿಸಿಕೊಂಡೇ ಬೊಂಬಾಯಿಯ ದೊಡ್ಡ ಆಸ್ಪತ್ರೆಗೆ ಕರೆದೊಯ್ದ. ಮಗು ಅಜ್ಜಿಯ ಬಳಿ ಉಳಿಯಿತು. ಅದಾಗಿ ಮೂರು ತಿಂಗಳು ಕಳೆದಿದ್ದವು. ಒಂದು ಶಸ್ತ್ರಚಿಕಿತ್ಸೆ ಆಗಿತ್ತು, ಇನ್ನೊಂದು ಆಗಬೇಕಿತ್ತು.

ನಾನು ಹೋದಾಗ ಸಾಹುಕಾರರು ನಡುಮನೆಯ ಕಂಬಕ್ಕೆ ಒರಗಿ ಕುಳಿತಿದ್ದರು. ಅಳಿಯನಿಂದ ತಂತಿ ಬಂದಿತ್ತು. ಮಗಳು ಅನ್ನ ನೀರು ಬಿಟ್ಟಿದ್ದಾಳೆ, ಮಗು ಸತ್ತುಹೋಗಿದೆ, ಎಲ್ಲರೂ ಸೇರಿ ಮುಚ್ಚಿಡುತ್ತಿದ್ದಾರೆ ಎಂದು ನಂಬಿಬಿಟ್ಟಿದ್ದಾಳೆ. ನಾಡಿದ್ದು ಬೆಳಿಗ್ಗೆ ಶಸ್ತ್ರಚಿಕಿತ್ಸೆ. ಬದುಕುವ ಮನಸ್ಸೇ ಇಲ್ಲದವಳ ಮೈಗೆ ಕತ್ತಿ ಹಾಕಲು ಡಾಕ್ಟರು ಹಿಂದೇಟು ಹಾಕುತ್ತಿದ್ದಾರೆ. ಹಾಕದಿದ್ದರೆ ವಾರ ಉಳಿಯುವುದಿಲ್ಲ.

ಆಕೆ ನಂಬಿದ್ದರಲ್ಲಿ ತಪ್ಪೇನಿರಲಿಲ್ಲ. ಕಾಯಿಲೆ ಮಲಗಿದವರಿಗೆ ಸಾವಿನ ಸುದ್ದಿ ಹೇಳುವುದು ನಮ್ಮಲ್ಲಿ ವಾಡಿಕೆಯಿಲ್ಲ. ತಂದೆ ಸತ್ತು ತಿಥಿ ಮುಗಿದ ಮೇಲೂ ಹಾಸಿಗೆ ಹಿಡಿದ ಮಗನಿಗೆ “ಅಪ್ಪ ತೋಟಕ್ಕೆ ಹೋಗಿದಾರೆ” ಎನ್ನುವ ಜನ ನಾವು. ಮಗುವಿನ ಒಂದು ಫೋಟೋ ಕಳಿಸಿ ಎಂದು ಆಕೆ ಗಂಡನ ಕೈಲಿ ಎಷ್ಟೋ ಸಲ ಬರೆಸಿದ್ದಳು. ವರ್ಷ ತುಂಬದ ಕೂಸಿನ ಫೋಟೋ ತೆಗೆಸಿದರೆ ಆಯುಸ್ಸು ಕಡಿಮೆಯಾಗುತ್ತದೆ ಎಂದು ಅಜ್ಜಿ ಒಪ್ಪಿರಲಿಲ್ಲ. ಫೋಟೋ ಬರಲಿಲ್ಲವೆಂದರೆ ಅರ್ಥವೇನು? ಮಲಗಿದಲ್ಲೇ ಲೆಕ್ಕ ಹಾಕಿಕೊಂಡಿದ್ದಳು.

ರೈಲಿಗೆ ಎರಡು ರಾತ್ರಿ ಬೇಕು, ಆಗುವುದಿಲ್ಲ. ಮರುದಿನದ ವಿಮಾನದಲ್ಲಿ ಒಂದೇ ಒಂದು ಸೀಟು ಉಳಿದಿತ್ತು. ತೊಡೆಯ ಮೇಲಿನ ಕೂಸಿಗೆ ಸೀಟು ಬೇಡ. ಆ ತೊಡೆ ಯಾರದು ಎಂಬುದಷ್ಟೇ ಪ್ರಶ್ನೆ. ಅಜ್ಜಿಗೆ ಎತ್ತಿನ ಗಾಡಿ ಹತ್ತಿದರೂ ತಲೆ ಸುತ್ತುತ್ತಿತ್ತು. ಸಾಹುಕಾರರಿಗೆ ಮಗುವಿನ ಯಾವ ಕಡೆ ತಲೆ, ಯಾವ ಕಡೆ ಕಾಲು ಎಂಬುದಕ್ಕಿಂತ ಹೆಚ್ಚಿನ ವಿವರ ತಿಳಿಯದು.

“ನಿಮ್ಮನ್ನ ಬಿಟ್ರೆ ಇನ್ಯಾರ ಕೈಲಿ ಕೊಡ್ಲಿ ನರ್ಸಮ್ಮ? ನಿಮ್ಗಾದ್ರೆ ಧೈರ್ಯ ಐತೆ,” ಎಂದರು ಅಜ್ಜಿ.

ನಾನು ಗಟ್ಟಿ ಮುಖ ಮಾಡಿಕೊಂಡು ಆಯಿತು ಎಂದೆ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಒಂದು ಚೊಂಬು ನೀರು ಕುಡಿದೆ.

ಮರುದಿನ ನಸುಕಿಗೇ ಹೊರಟೆವು. ಪೆಟ್ರೋಲಿಗೆ ಇನ್ನೂ ರೇಷನ್ನಿದ್ದ ಕಾಲ. ಸಾಹುಕಾರರ ಕಾರು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಅದರ ಗ್ಯಾಸಿನಿಂದ ಓಡುತ್ತಿತ್ತು. ಓಡುತ್ತಿತ್ತು ಎನ್ನುವುದು ಮರ್ಯಾದೆಯ ಮಾತು. ಹೊಸಕೋಟೆ ದಾಟುವಷ್ಟರಲ್ಲಿ ಎರಡು ಸಲ ಇಳಿದು ಬೂದಿ ಕೆದಕಬೇಕಾಯಿತು. ಇಂಥ ಕಾರು ತಲುಪಿಸುವ ಜಾಗದಿಂದ ಹಾರುವುದಾದರೂ ಹೇಗೆ ಎಂದು ನನಗೆ ಚಿಂತೆ.

ವಿಮಾನದ ಬಯಲಿನಲ್ಲಿ ಒಂದು ತಗಡಿನ ಶೆಡ್ಡು, ಅದರೊಳಗೆ ಒಂದು ದೊಡ್ಡ ತಕ್ಕಡಿ. ಸಾಮಾನನ್ನಷ್ಟೇ ಅಲ್ಲ, ಪ್ರಯಾಣಿಕರನ್ನೂ ಅದರ ಮೇಲೆ ನಿಲ್ಲಿಸುತ್ತಿದ್ದರು. ಗೂಡಿನ ಸಂತೆಯಲ್ಲಿ ರೇಷ್ಮೆಗೂಡಿನ ಬುಟ್ಟಿ ಇಟ್ಟಂತೆ ನನ್ನನ್ನೂ ಮಗುವನ್ನೂ ಇಟ್ಟು ತೂಗಿದರು. ಆಮೇಲೆ ಅಜ್ಜಿ ಕಟ್ಟಿಕೊಟ್ಟ ಗಂಟು. ಅದು ತನ್ನ ಗಾತ್ರಕ್ಕೆ ಮೀರಿ ಭಾರವಿತ್ತು. ತಕ್ಕಡಿಯ ಗುಮಾಸ್ತರು ಬಿಚ್ಚಿಸಿದರು. ಹಳೆ ಸೀರೆಯ ಮೆತ್ತನೆ ತುಂಡುಗಳು, ಹರಳೆಣ್ಣೆ, ಬಜೆ, ಜಾಯಿಕಾಯಿ, ಇವನ್ನೆಲ್ಲ ತೇಯಲು ಒಂದು ಸಾಣೆಕಲ್ಲು, ಹಾಲು ಕುಡಿಸುವ ಬೆಳ್ಳಿ ಒಳಲೆ. ಇದೆಲ್ಲದರ ಕೆಳಗೆ ಒಂದು ಪುಟ್ಟ ಮಣ್ಣಿನ ಅಗ್ಗಿಷ್ಟಿಕೆ, ಇದ್ದಿಲು, ಲೋಬಾನ. ಸ್ನಾನವಾದ ಮೇಲೆ ಮಗುವಿಗೆ ಹೊಗೆ ಹಾಕದಿದ್ದರೆ ಶೀತವಾಗುತ್ತದಲ್ಲ.

“ಒಳಗೆ ಕೆಂಡ ಹಚ್ಚೋ ಯೋಚನೆ ಏನಾದ್ರೂ ಇದೆಯೇನಮ್ಮಾ?” ಎಂದು ಗುಮಾಸ್ತರು ಬಹಳ ಮೆಲ್ಲಗೆ ಕೇಳಿದರು.

ಅಗ್ಗಿಷ್ಟಿಕೆ, ಇದ್ದಿಲು, ಸಾಣೆಕಲ್ಲು ಇದ್ದಿಲ ಕಾರಿನಲ್ಲಿ ಊರಿಗೆ ಮರಳಿದವು. ಉಳಿದದ್ದನ್ನು ನಾನು ಚೀಲಕ್ಕೆ ಸೇರಿಸಿಕೊಂಡೆ. ಅಜ್ಜಿಯ ಗಂಟಿಗೆ ಮನಸ್ಸಿನಲ್ಲೇ ನಕ್ಕಿದ್ದೆ. ನನ್ನ ಏರ್ಪಾಡೇ ಬೇರೆಯಿತ್ತು. ಕುದಿಸಿ ಸೋಸಿದ ಹಾಲು, ಫ್ಲಾಸ್ಕಿನಲ್ಲಿ ಬಿಸಿನೀರು, ರಬ್ಬರ್ ತೊಟ್ಟಿನ ಗಾಜಿನ ಶೀಶೆ, ಗಡಿಯಾರ. ಮೂರು ಗಂಟೆಗೊಮ್ಮೆ ಹಾಲು, ಒಂದು ನಿಮಿಷ ಹಿಂದಿಲ್ಲ, ಮುಂದಿಲ್ಲ. ತರಬೇತಿಯಲ್ಲಿ ನಮಗೆ ಕಲಿಸಿದ್ದು ಹಾಗೆ, ನಾನು ತಾಲ್ಲೂಕಿನ ತಾಯಂದಿರನ್ನು ಗದರಿಸಿದ್ದೂ ಹಾಗೆ.

ವಿಮಾನ ನೆಲದ ಮೇಲೆ ಬಾಲ ಊರಿಕೊಂಡು ಮೂತಿ ಎತ್ತಿ ನಿಂತಿತ್ತು. ಹಾಗಾಗಿ ಒಳಗೆ ಸೀಟಿಗೆ ಹೋಗುವುದೆಂದರೆ ಸಣ್ಣ ಗುಡ್ಡ ಹತ್ತಿದಂತೆ. ಎಂಜಿನ್ ಶುರುವಾದಾಗ ನನ್ನ ಹಲ್ಲು ಕಟಕಟ ಎಂದವು. ಅದು ಎಂಜಿನ್ನಿನ ಕೆಲಸವೋ ನನ್ನದೋ ತಿಳಿಯಲಿಲ್ಲ. ಗಗನಸಖಿ ಎಂದು ಈಗ ಕರೆಯುತ್ತಾರಲ್ಲ, ಅಂಥ ಒಬ್ಬಳು ಹುಡುಗಿ ಎಲ್ಲರಿಗೂ ಕಿವಿಗೆ ಹತ್ತಿ, ಬಾಯಿಗೆ ಪೆಪ್ಪರಮಿಂಟು ಹಂಚಿದಳು. ಅವಳಿಗೆ ಇಂಗ್ಲಿಷ್ ಮತ್ತು ಅರ್ಧ ತಮಿಳು ಬರುತ್ತಿತ್ತು. ನನಗೆ ಆಸ್ಪತ್ರೆಯ ಇಂಗ್ಲಿಷ್ ಮತ್ತು ಇನ್ನರ್ಧ ತಮಿಳು. ಪೆಪ್ಪರಮಿಂಟು ಯಾಕೆಂದು ಕೇಳಿದೆ. ಏರುವಾಗ, ಅದಕ್ಕಿಂತ ಹೆಚ್ಚಾಗಿ ಇಳಿಯುವಾಗ, ಕಿವಿ ಕಟ್ಟಿ ನೋಯುತ್ತದೆ, ಏನಾದರೂ ನುಂಗುತ್ತಿದ್ದರೆ ಬಿಡುತ್ತದೆ ಎಂದಳು. ನಾಲ್ಕು ತಿಂಗಳ ಮಗುವಿಗೆ ಏನು ಮಾಡುತ್ತೀರಿ ಎಂದೆ. ಅವಳು ಮಗುವನ್ನು ನೋಡಿದಳು, ನನ್ನನ್ನು ನೋಡಿದಳು, ಇನ್ನೊಂದು ಪೆಪ್ಪರಮಿಂಟು ನನ್ನ ಕೈಗೇ ಕೊಟ್ಟು ಹೋದಳು.

ಆದರೆ ಏರುವಾಗ ಮಗು ಕಮಕ್ ಕಿಮಕ್ ಎನ್ನಲಿಲ್ಲ. ಹುಟ್ಟಿದಾಗಿನಿಂದ ರೇಷ್ಮೆಗೆ ಹುರಿ ಹಾಕುವ ಮಿಷನ್ನುಗಳ ಪಕ್ಕದ ಕೋಣೆಯಲ್ಲಿ ತೂಗಿಸಿಕೊಂಡ ಕೂಸು ಅದು. ಅಷ್ಟು ಜನ ಕಿವಿಗೆ ಹತ್ತಿ ತುರುಕಿಕೊಂಡು ಕಣ್ಣು ಮುಚ್ಚಿದ್ದರೆ, ಇದು ಬಾಯಿ ತೆರೆದುಕೊಂಡು ನಿದ್ದೆ ಹೋಯಿತು.

ಆಗ ನಾನು ಹೊರಗೆ ನೋಡಿದೆ.

ಮೊದಲು ಕಂಡದ್ದು ನೀರು. ಒಂದು ಕೆರೆ, ಅದರ ಕೋಡಿಯ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು. ಬೆಳಗಿನ ಬಿಸಿಲಿಗೆ ಒಂದೊಂದೂ ಹೊತ್ತಿಕೊಳ್ಳುತ್ತಾ ಹೋದವು. ಇವೆಲ್ಲ ಒಂದೇ ಎಳೆಯಲ್ಲಿ ಪೋಣಿಸಿದವು ಎಂದು ಆ ಏರಿಗಳ ಮೇಲೆ ಅಷ್ಟು ವರ್ಷ ನಡೆದ ನನಗೆ ಗೊತ್ತೇ ಇರಲಿಲ್ಲ. ಹೆರಿಗೆಗೆಂದು ಅರ್ಧ ದಿನ ಗಾಡಿಯಲ್ಲಿ ಕುಲುಕಾಡಿಕೊಂಡು ಹೋಗುತ್ತಿದ್ದ ಹಳ್ಳಿಗಳು ಅಂಗೈಯಗಲದಲ್ಲಿ ಒಂದರ ಪಕ್ಕ ಒಂದು ಕೂತಿದ್ದವು. ಹಿಪ್ಪುನೇರಳೆ ತೋಟಗಳು ಹಸಿರು ತೇಪೆಯ ಹಾಗೆ. ನಂದಿಬೆಟ್ಟ ಮಲಗಿದ ಎತ್ತಿನಂತೆ ಎಂದು ಊರಲ್ಲಿ ಹೇಳುತ್ತೇವೆ. ಮೇಲಿನಿಂದ ಅದಕ್ಕೆ ಕೊಂಬೂ ಇಲ್ಲ, ಬಾಲವೂ ಇಲ್ಲ, ಸುಮ್ಮನೆ ಒಂದು ಕಲ್ಲಿನ ಉಸಿರು. ಎಲ್ಲೋ ಒಂದು ಕಡೆ ಎಳೆಯಾಗಿ ಹೊಗೆ ಏಳುತ್ತಿತ್ತು. ಅದು ನಮ್ಮೂರಿನ ಗೂಡು ಬೇಯಿಸುವ ಒಲೆಗಳದೇ ಇರಬೇಕು ಎಂದುಕೊಂಡೆ. ಅಲ್ಲಿ ನಾನು ಹೊರಕ್ಕೆ ತಂದ ಮಕ್ಕಳು ಎದ್ದು ಮುಖ ತೊಳೆಯುತ್ತಿರಬಹುದು, ಒಬ್ಬರೂ ಮೇಲೆ ನೋಡುತ್ತಿರಲಾರರು.

ನನ್ನ ಬೆರಳು ಅಭ್ಯಾಸದಿಂದ ಮಗುವಿನ ನೆತ್ತಿಯ ಮೇಲಿತ್ತು. ಮೂಳೆ ಇನ್ನೂ ಕೂಡದ ಆ ಮೆತ್ತನೆಯ ಜಾಗ ನೆಲದ ಮೇಲೆ ಹೇಗೆ ಮಿಡಿಯುತ್ತಿತ್ತೋ ಮೋಡದ ಮೇಲೂ ಹಾಗೇ ಮಿಡಿಯುತ್ತಿತ್ತು. ಕೈ ಜೋಡಿಸೋಣವೆಂದರೆ ಎರಡೂ ಕೈಯಲ್ಲಿ ಮಗು. ಚಿಂತೆ ಮಾಡುವುದನ್ನು ಮರೆತುಬಿಟ್ಟಿದ್ದೇನೆ ಎಂದು ಹೊಳೆದದ್ದೇ, ಮರೆತದ್ದಕ್ಕೆ ಏನಾದರೂ ಆಗಿಬಿಡುತ್ತದೇನೋ ಎಂದು ಚಿಂತೆ ಶುರುವಾಯಿತು.

ಆಯಿತು ಕೂಡ. ನಡುವೆ ಹೈದರಾಬಾದಿನಲ್ಲಿ ಇಳಿಯಬೇಕಿತ್ತು. ಹಾಲಿನ ಹೊತ್ತೂ ಅದೇ. ಗಡಿಯಾರ ನೋಡಿ ಶೀಶೆ ತೆಗೆದೆ. ಮಗು ರಬ್ಬರ್ ತೊಟ್ಟನ್ನು ನಾಲಿಗೆಯಿಂದ ಮುಟ್ಟಿ, ನನ್ನನ್ನು ದಿಟ್ಟಿಸಿ ನೋಡಿ, ಉಗುಳಿತು. ಒಳಲೆ ತೆಗೆದೆ. ತೊಡೆಯ ಮೇಲೆ ಎತ್ತಿಟ್ಟುಕೊಂಡರೆ ಬಿಲ್ಲಿನ ಹಾಗೆ ಸೆಟೆದುಕೊಂಡಿತು. ಹಾಲೆಲ್ಲ ನನ್ನ ಕುಪ್ಪಸಕ್ಕೆ. ಅಷ್ಟರಲ್ಲಿ ವಿಮಾನ ತಗ್ಗತೊಡಗಿತು. ನನ್ನ ಕಿವಿಯಲ್ಲೇ ಮೊಳೆ ಹೊಡೆದಂತಾಯಿತು. ಮಗು ಅತ್ತ ಅಳುವನ್ನು ಏನೆಂದು ಹೇಳಲಿ? ಹಸಿವಿನ ಅಳು, ಹೊಟ್ಟೆನೋವಿನ ಅಳು, ಹಟದ ಅಳು ಎಲ್ಲ ನನಗೆ ಪರಿಚಯ. ಇದು ಅವುಗಳಲ್ಲಿ ಯಾವುದೂ ಅಲ್ಲ. ಮುಖ ನೀಲಿಗಟ್ಟಿ, ಉಸಿರು ಸಿಕ್ಕಿಕೊಂಡು, ಕೈಯನ್ನು ಕಿವಿಯ ಕಡೆ ಒಯ್ಯಲೂ ಬಾರದೆ ಗಾಳಿಯಲ್ಲಿ ಹೊಡೆದುಕೊಂಡಿತು. ನೆಲ ಮುಟ್ಟುವ ಹೊತ್ತಿಗೆ ಅದಕ್ಕೆ ಅಳಲೂ ಶಕ್ತಿಯಿರಲಿಲ್ಲ.

ಹೈದರಾಬಾದಿನಲ್ಲಿ ಇಳಿದು ಒಂದು ಬೇವಿನ ಮರದ ನೆರಳಿಗೆ ಹೋದೆ. ಇಲ್ಲಿಂದ ರೈಲು ಹಿಡಿದರೆ ಎಂದು ಯೋಚಿಸಿದೆ. ಶಸ್ತ್ರಚಿಕಿತ್ಸೆಗೆ ಮುನ್ನ ತಲುಪುವುದಿಲ್ಲ. ಮರದ ಬುಡದಲ್ಲಿ ನೆಲದ ಮೇಲೇ ಕೂತೆ, ಎರಡೂ ಕಾಲು ಚಾಚಿ ಮಗುವನ್ನು ಅದರ ಮೇಲೆ ಮಲಗಿಸಿದೆ. ಕೂಡಲೇ ಅದು ಮೈ ಸಡಿಲ ಬಿಟ್ಟು ಬಾಯಿ ತೆರೆಯಿತು. ಒಳಲೆ ತಾಗಿಸಿದೆ. ಗುಟುಕ್ ಗುಟುಕ್ ಎಂದು ಕುಡಿಯಿತು.

ತಿಳಿಯಬೇಕಾದದ್ದು ಆಗ ತಿಳಿಯಿತು. ನಮ್ಮ ಕಡೆ ಕೂಸಿಗೆ ಎಣ್ಣೆ ಹಚ್ಚುವುದು, ನೀರು ಹೊಯ್ಯುವುದು, ಹಾಲು ಹಾಕುವುದು ಎಲ್ಲ ಚಾಚಿದ ಕಾಲಿನ ಮೇಲೆ. ಎರಡು ಕಾಲಿನ ನಡುವಿನ ಆ ತಗ್ಗೇ ಅದಕ್ಕೆ ಮನೆ. ಕುರ್ಚಿಯ ಮೇಲೆ ಕೂತವಳ ತೊಡೆಯಲ್ಲಿ ಯಾರಾದರೂ ಹಾಲು ಕೊಡುತ್ತಾರೆ ಎಂಬುದು ಅದರ ಅನುಭವದಲ್ಲೇ ಇರಲಿಲ್ಲ. ಅಷ್ಟು ವರ್ಷ ಮಕ್ಕಳನ್ನು ಹಿಡಿದ ನಾನು ಅದನ್ನು ಕಾಣದೆ ಶೀಶೆ ಕುದಿಸಿಕೊಂಡು ಬಂದಿದ್ದೆ.

ನಾಲ್ಕು ಗುಟುಕು ಕೊಟ್ಟು ಒಳಲೆ ಹಿಂದಕ್ಕೆ ತೆಗೆದೆ. ಮಗು ನಂಬಲಾರದಂತೆ ನೋಡಿತು. ಇಲ್ಲೇ ಹೊಟ್ಟೆ ತುಂಬಿಸಿದರೆ ಬೊಂಬಾಯಿಯಲ್ಲಿ ಇಳಿಯುವಾಗ ಕುಡಿಯುವುದಿಲ್ಲ, ಕುಡಿಯದಿದ್ದರೆ ನುಂಗುವುದಿಲ್ಲ, ನುಂಗದಿದ್ದರೆ ಮತ್ತೆ ಅದೇ ನರಕ. ಇನ್ನೊಂದು ಸಲ ಅಷ್ಟು ನೋವನ್ನು ಆ ಸಣ್ಣ ಮೈ ತಡೆದೀತೆಂದು ನನಗೆ ಧೈರ್ಯವಿರಲಿಲ್ಲ. ಹಸಿವನ್ನು ಉಳಿಸಿಕೊಂಡು ಹೋಗಬೇಕು. ಗಡಿಯಾರವನ್ನು ಚೀಲದೊಳಗೆ ಹಾಕಿದೆ. ಫ್ಲಾಸ್ಕಿನ ನೀರಿನಲ್ಲಿ ಹಾಲಿನ ಶೀಶೆಯನ್ನು ಬೆಚ್ಚಗಿಟ್ಟುಕೊಂಡೆ. ವಿಮಾನದ ಹುಡುಗಿಯ ಕೈ ಹಿಡಿದು, ಇಳಿಯಲು ಶುರುವಾಗುವ ಸ್ವಲ್ಪ ಮೊದಲು ನನಗೆ ಹೇಳಲೇಬೇಕು ಎಂದು ನನ್ನ ಎರಡೂ ಭಾಷೆಗಳಲ್ಲಿ ಬೇಡಿಕೊಂಡೆ.

ಎರಡನೆಯ ಹಾರಾಟದಲ್ಲಿ ಮಗು ನಿದ್ದೆ ಮಾಡಲಿಲ್ಲ. ಹಸಿವಿನಿಂದ ರಾಗ ಎಳೆಯಿತು, ಆಮೇಲೆ ಕಿರುಚಿತು. ಪಕ್ಕದ ಸಾಲಿನಲ್ಲಿ ತಿಪಟೂರಿನ ಕೊಬ್ಬರಿ ಮಂಡಿಯ ಯಜಮಾನರೊಬ್ಬರಿದ್ದರು. ಬಹಳ ಹೊತ್ತು ಸಹಿಸಿಕೊಂಡು, ಕಡೆಗೆ ಹತ್ತಿ ತೆಗೆದು ಕೇಳಿದರು:

“ಏನಮ್ಮಾ, ಕೈಲಿ ಹಾಲಿಟ್ಕೊಂಡು ಕೂಸ್ನ ಅಳಿಸ್ತೀಯಲ್ಲ, ಹೆತ್ತವ್ಳೇನಮ್ಮ ನೀನು?”

“ಹೆತ್ತವಳಲ್ಲ, ಅದಕ್ಕೇ ಹೆದರಿಕೆ,” ಎಂದೆ. ಕಿವಿಯ ವಿಚಾರ ವಿವರಿಸಿದೆ. ಅವರು ತಲೆ ಅಲ್ಲಾಡಿಸಿದರು; ಒಪ್ಪಿದರೋ ನನ್ನ ತಲೆ ಕೆಟ್ಟಿದೆ ಎಂದುಕೊಂಡರೋ ತಿಳಿಯಲಿಲ್ಲ. ಮಾಡುತ್ತಿರುವುದು ಸರಿಯೋ ಅಲ್ಲವೋ ನನಗೂ ತಿಳಿದಿರಲಿಲ್ಲ. ಹಸಿದ ಮಗುವಿನ ಬಾಯಿಂದ ಹಾಲು ಹಿಂದಕ್ಕೆ ಹಿಡಿದ ಆ ಹೊತ್ತು ನನ್ನ ಕೆಲಸದ ಬದುಕಿನಲ್ಲೇ ಉದ್ದವಾದದ್ದು.

ಹುಡುಗಿ ಬಂದು ತೋಳು ಮುಟ್ಟಿದಳು. ನಾನು ಎದ್ದು, ಸಾಲುಗಳ ನಡುವಿನ ಓಣಿಯಲ್ಲಿ ನೆಲದ ಮೇಲೆ ಕೂತು ಕಾಲು ಚಾಚಿದೆ. ಅವಳು ಗಾಬರಿಯಾಗಿ, ಆಗದು, ಸೀಟಿನಲ್ಲಿ ಕೂತು ಪಟ್ಟಿ ಕಟ್ಟಲೇಬೇಕು ಎಂದಳು. ನಾನು ಮಗುವನ್ನು ಕಾಲಿನ ಮೇಲೆ ಮಲಗಿಸಿ ಒಳಲೆ ತುಂಬಿದೆ. ಅಳು ನಿಂತಿತು. ಆ ಹುಡುಗಿ ನಿಂತಲ್ಲೇ ಒಂದು ಕ್ಷಣ ಯೋಚಿಸಿ, ನನ್ನ ಹಿಂದೆ ಕೂತು, ನಾನು ಜಾರದಂತೆ ಬೆನ್ನಿಗೆ ಬೆನ್ನು ಕೊಟ್ಟಳು. ಮಂಡಿಯ ಯಜಮಾನರು ತಮ್ಮ ಶಲ್ಯವನ್ನು ಸೀಟಿನ ಕಾಲಿಗೆ ಸುತ್ತಿ ಇನ್ನೊಂದು ತುದಿಯನ್ನು ನನ್ನ ತೋಳಿಗೆ ಬಿಗಿದು, ಹಗ್ಗ ಹಿಡಿದಂತೆ ಹಿಡಿದುಕೊಂಡರು.

ವಿಮಾನ ಇಳಿಯಿತು. ನೆಲದ ನಡುಕ ನನ್ನ ಕಾಲಿಗೂ, ಕಾಲಿನಿಂದ ಮಗುವಿಗೂ ಹರಿಯುತ್ತಿತ್ತು. ನನ್ನ ಕಿವಿ ಕಟ್ಟಿತು, ಬಿಟ್ಟಿತು. ಮಗು ಒಂದು ಸಲ ಹುಬ್ಬು ಗಂಟಿಕ್ಕಿತು, ನಾನು ಒಳಲೆ ಓರೆ ಮಾಡಿದೆ, ನುಂಗಿತು. ಮತ್ತೆ ಗಂಟಿಕ್ಕಿತು, ನುಂಗಿತು. ಅದರ ಗಂಟಲಿನ ಆ ಚಿಕ್ಕ ಏರಿಳಿತ ಒಂದನ್ನೇ ನೋಡುತ್ತಾ ಕೂತೆ. ಹೊರಗೆ ಸಮುದ್ರ ಕಾಣುತ್ತಿದೆ ಎಂದು ಯಾರೋ ಹೇಳಿದರು. ನಾನು ಅಲ್ಲಿಯವರೆಗೆ ಸಮುದ್ರ ನೋಡಿದವಳಲ್ಲ. ಆದರೂ ಕತ್ತು ಎತ್ತಲಿಲ್ಲ. ಅದಕ್ಕಿಂತ ದೊಡ್ಡದು ನನ್ನ ಕಾಲಿನ ಮೇಲೆ ನಡೆಯುತ್ತಿತ್ತು. ಚಕ್ರ ನೆಲಕ್ಕೆ ಬಡಿದಾಗ ಕೊನೆಯ ಹನಿ ಮುಗಿದಿತ್ತು. ಯಾರೂ ನಗಲಿಲ್ಲ. ಯಜಮಾನರು ಶಲ್ಯ ಬಿಚ್ಚಿಕೊಳ್ಳುತ್ತಾ, “ಕುಡೀತಲ್ಲ ಸದ್ಯ,” ಎಂದರು.

ಅಳಿಯ ಬಾಡಿಗೆ ಕಾರು ತಂದಿದ್ದ. ನೇರ ಆಸ್ಪತ್ರೆಗೆ ಹೋದೆವು. ಹಾಸಿಗೆಯಲ್ಲಿ ಮಲಗಿದ್ದವಳನ್ನು ನೋಡಿ ನನ್ನ ಗಟ್ಟಿ ಮುಖ ಅಲ್ಲಾಡಿತು. ಬಟ್ಟೆಯ ಕೆಳಗೆ ಮೈಯೇ ಇದ್ದಂತಿರಲಿಲ್ಲ. ಮಗುವನ್ನು ಅವಳ ಪಕ್ಕಕ್ಕೆ ಹಿಡಿದು, “ನೋಡಮ್ಮ, ನಿನ್ನ ಮಗಳು,” ಎಂದೆ.

ಅವಳು ನೋಡಿದಳು. ಬಿಟ್ಟುಹೋದಾಗ ಕೆಂಪಗೆ ಮುಷ್ಟಿಯಷ್ಟಿದ್ದ ಕೂಸು. ಈಗ ಹುಟ್ಟುಗೂದಲು ಉದುರಿ, ಬಣ್ಣ ತಿರುಗಿ, ಕೆನ್ನೆ ಊದಿಸಿಕೊಂಡು ನಿದ್ದೆ ಹೋಗಿತ್ತು. ಅವಳು ಮುಖ ಗೋಡೆಗೆ ತಿರುಗಿಸಿದಳು.

“ಇದು ನನ್ನ ಮಗು ಅಲ್ಲ. ಯಾರ್ದೋ ಮಗು ತಂದಿದೀರ,” ಎಂದಳು.

ಗಂಡ ತಲೆ ತಗ್ಗಿಸಿದ. ಅವನಾದರೂ ಮಗುವನ್ನು ಎಷ್ಟು ನೋಡಿದ್ದ? ರೋಗಿಯ ಎದುರು ಮೆತ್ತಗೆ ಮಾತಾಡಬೇಕು, ಸಮಾಧಾನ ಹೇಳಬೇಕು ಎಂದು ನನಗೆ ಕಲಿಸಿದ್ದರು. ಆದರೆ ಬೆಳಗಿನಿಂದ ಅದುಮಿಟ್ಟದ್ದೆಲ್ಲ ಒಮ್ಮೆಲೇ ಕಟ್ಟೆಯೊಡೆಯಿತು.

“ಯಾರ್ದೋ ಮಗೂಗೆ ನಾನು ಇಷ್ಟು ಪಾಡು ಪಡ್ತಿದ್ನೇನಮ್ಮಾ? ನನ್ನ ಕುಪ್ಪಸ ನೋಡು, ಇದೆಲ್ಲ ನಿನ್ನ ಮಗಳು ಕಕ್ಕಿದ್ದು. ಆ ಶೀಶೇನ ಅದೆಷ್ಟು ಸಲ ಕುದ್ಸಿದ್ದೆ, ಬಾಯಿಗಿಟ್ರೆ ಉಗೀತಾಳೆ. ಹೈದರಾಬಾದಲ್ಲಿ ಕಿರುಚಿದ್ದು ಊರಿಗೂ ಕೇಳ್ಸಿರ್ಬೇಕು. ಎಂಥಾ ಹಟ, ಎಂಥಾ ಹಟ! ವಿಮಾನದಲ್ಲಿ ಎಲ್ಲರ ಮುಂದೆ ನೆಲದ ಮೇಲೆ ಕೂರಿಸಿದ್ಲು ನನ್ನ. ರಾತ್ರಿ ಹೊತ್ತು ನಿಮ್ಮಮ್ಮನ್ನ ಒಂದು ಗಳಿಗೆ ಮಲಗೋಕೆ ಬಿಡಲ್ಲ. ದಿನವಿಡೀ ಅಳು, ದಿನವಿಡೀ ಅಳು.”

ಅವಳು ನಿಧಾನವಾಗಿ ಈ ಕಡೆ ತಿರುಗಿದಳು.

“ಅಳ್ತಾಳಾ?”

“ಅಳದೇ ಏನು. ಊರಿಗೆಲ್ಲ ಗೊತ್ತು ನಿನ್ನ ಮಗಳ ಗಂಟಲು.”

“ಅಪ್ಪ ಬಂದಾಗ್ಲೂ, ಅಮ್ಮ ಬರೆಸಿದ ಕಾಗದದಲ್ಲೂ, ಇವ್ರೂ, ಎಲ್ಲಾರೂ ಮಗು ಚಿನ್ನ, ಅಳೋದೇ ಇಲ್ಲ ಅಂತಿದ್ರು.” ಅವಳ ದನಿ ಕೇಳಲು ಬಗ್ಗಬೇಕಾಗಿತ್ತು. “ಅಳದೇ ಇರೋ ಮಗು ಎಲ್ಲಾದ್ರೂ ಇರುತ್ತಾ ನರ್ಸಮ್ಮ? ಅದಕ್ಕೇ ನಾನು ಹೋಯ್ತು ಅಂದ್ಕೊಂಡೆ.”

ಅವಳಿಗೆ ನೋವಾಗದಿರಲೆಂದು ಅಷ್ಟು ಜನ ಅಷ್ಟು ಪ್ರೀತಿಯಿಂದ ಒಂದೊಂದೇ ಮಾತಿನಲ್ಲಿ ಆ ಮಗುವನ್ನು ಸಾಯಿಸಿಬಿಟ್ಟಿದ್ದರು.

ಈ ಗಲಾಟೆಗೆ ಮಗು ಎಚ್ಚರವಾಗಿ, ಗುರುತಿಲ್ಲದ ಮುಖಗಳನ್ನು ನೋಡಿ ಬಾಯಿ ಬಿಟ್ಟಿತು. ವಾರ್ಡಿನ ನರ್ಸು ಓಡಿಬಂದಳು. ನಾನು ಎತ್ತಿಕೊಳ್ಳಲು ಹೋದೆ.

“ಬಿಡಿ, ಅಳ್ಲಿ,” ಎಂದಳು ತಾಯಿ. ಕೈ ಚಾಚಿ ಮಗುವಿನ ಹೊಟ್ಟೆಯ ಮೇಲಿಟ್ಟಳು. ಅದು ಅಳುವಾಗ ಏರಿಳಿಯುವುದನ್ನು ಅಂಗೈಯಲ್ಲಿ ಹಿಡಿದುಕೊಂಡು ಕಣ್ಣು ಮುಚ್ಚಿಕೊಂಡಳು. ಇಡೀ ವಾರ್ಡು ಕೇಳಿಸಿಕೊಂಡಿತು. ಆ ಸಂಜೆ ಅವಳು ಗಂಜಿ ಕುಡಿದಳು, ಅರ್ಧ ಬಟ್ಟಲು; ಸ್ವಲ್ಪ ತಡೆದು ಉಳಿದರ್ಧವನ್ನೂ.

ಮಾರನೆಯ ಬೆಳಿಗ್ಗೆ ಶಸ್ತ್ರಚಿಕಿತ್ಸೆಯಾಯಿತು. ನಾನು ಮಗುವನ್ನಿಟ್ಟುಕೊಂಡು ಮೊಗಸಾಲೆಯ ನೆಲದ ಮೇಲೆ ಕೂತಿದ್ದೆ. ಆಗಬಹುದಾದ ಕೆಟ್ಟದ್ದನ್ನೆಲ್ಲ ಒಂದೂ ಬಿಡದೆ ಯೋಚಿಸಿ ಮುಗಿಸಿದ್ದೆ. ಡಾಕ್ಟರು ಹೊರಬಂದು ಎಲ್ಲ ಸರಿಹೋಯಿತು ಎಂದಾಗ ಏನು ಮಾಡಬೇಕೆಂದು ತೋಚಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವಳಿಗೆ ಅರಿವಳಿಕೆಯ ಮತ್ತು ಇಳಿಯುತ್ತಿದೆ, ಬನ್ನಿ ಎಂದು ಕರೆದರು. ರೆಪ್ಪೆ ಬಿಡಿಸಲು ಇನ್ನೂ ಆಗುತ್ತಿರಲಿಲ್ಲ. ತುಟಿ ಮಾತ್ರ ಆಡಿತು:

“ಎಲ್ಲಿ... ಅಳ್ತಿದಾಳಾ?”

ಮಗು ಆಗಷ್ಟೇ ಹೊಟ್ಟೆ ತುಂಬ ಕುಡಿದು ನನ್ನ ಹೆಗಲ ಮೇಲೆ ಗಾಢ ನಿದ್ದೆಯಲ್ಲಿತ್ತು. ಮಲಗಿದ ಮಗುವನ್ನು ಎಬ್ಬಿಸಿದ್ದಕ್ಕೆ ಎಷ್ಟು ಅಜ್ಜಿಯರನ್ನು, ಎಷ್ಟು ತಾಯಂದಿರನ್ನು ನಾನು ಗದರಿಸಿದ್ದೆನೋ ಲೆಕ್ಕವಿಲ್ಲ. ಬಟ್ಟೆಯೊಳಗೆ ಕೈ ಹಾಕಿ, ಆ ಎಳೆಯ ಅಂಗಾಲನ್ನು ಹುಡುಕಿ, ಚೆನ್ನಾಗಿ ಚಿವುಟಿದೆ.